ಬರಾಬರಿ ಐತಿ, ಉಣ್ಣು

ನೀಲಾಳನ್ನು ಕೆಡವಿದವಳು ನಾನು. ಇಪ್ಪತ್ತು ವರ್ಷಗಳ ಹಿಂದೆ, ಕಾಲೇಜು ಹುಡುಗಿಯರ ಕುಸ್ತಿಯಲ್ಲಿ, ಐವತ್ತೈದು ಕಿಲೋ ವಿಭಾಗದ ಚಿನ್ನದ ಪದಕ ನನ್ನ ಕೊರಳಿಗೆ ಬಿತ್ತು. ಅಂದು ಮ್ಯಾಟಿಗೆ ಇಳಿಯಬೇಕಾಗಿದ್ದವಳು ಅವಳು. ಬೆಳಗಿನ ತೂಕದಲ್ಲಿ ಏಳುನೂರು ಗ್ರಾಂ ಹೆಚ್ಚು ಬಂದು ಹೊರಬಿದ್ದಳು. ಅವಳ ಜಾಗದಲ್ಲಿ ನಾನು ಆಡಿ ಗೆದ್ದೆ. ತೂಕ ಹೆಚ್ಚು ಬರುತ್ತದೆ ಎಂದು ನನಗೆ ಹಿಂದಿನ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ರೊಟ್ಟಿ ಬಡಿಸಿದೆ.

ಹೇಳಿಬಿಟ್ಟೆ. ಇನ್ನು ಯಾರು ಏನು ಬೇಕಾದರೂ ಅನ್ನಲಿ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ — ಇದನ್ನು ನಾನು ಅಳುತ್ತ ಬರೆಯುತ್ತಿಲ್ಲ. ಪದಕವನ್ನು ಕಾಳಿ ಹೊಳೆಗೆ ಎಸೆದಾಳು, ನೌಕರಿ ಬಿಟ್ಟಾಳು ಎಂದು ಕಾಯುವವರು ಈಗಲೇ ಎದ್ದು ಹೋಗಬಹುದು. ಆ ದಿನ ನಾಲ್ಕು ಕುಸ್ತಿ ಆಡಿದವಳು ನಾನು. ಎರಡನೆಯದರಲ್ಲಿ ಕಿವಿ ಹರಿದು ರಕ್ತ ಕುತ್ತಿಗೆಗೆ ಇಳಿಯುತ್ತಿದ್ದರೂ ಎದುರಾಳಿಯ ಎರಡೂ ಭುಜ ನೆಲಕ್ಕೆ ಹಚ್ಚಿದವಳು ನಾನು. ಯಾವ ಸುಳ್ಳೂ ನನ್ನ ಬದಲು ಮ್ಯಾಟಿನ ಮೇಲೆ ಬೆವರಲಿಲ್ಲ. ಆದರೆ —

ಆದರೆ ಅದಕ್ಕೆ ಎಂಟೇ ದಿನ ಮೊದಲು, ನಮ್ಮ ಕಾಲೇಜಿನ ಆಯ್ಕೆಯಲ್ಲಿ, ಇದೇ ನನ್ನನ್ನು ನೀಲಾ ಎರಡು ನಿಮಿಷದೊಳಗೆ ಚಿತ್ ಮಾಡಿದ್ದಳು. ಅದನ್ನೂ ಹೇಳಬೇಕಲ್ಲ.

ನಮ್ಮೂರು ಹಳಿಯಾಳ. ಇಲ್ಲಿ ಹುಡುಗಿ ಕುಸ್ತಿ ಆಡಿದರೆ ಯಾರೂ ಹುಬ್ಬೇರಿಸುವುದಿಲ್ಲ, ಆದರೆ ಅಂಗಡಿಕಾರರ ಮನೆಯ ಹುಡುಗಿ ಆಡಿದರೆ ಏರಿಸುತ್ತಾರೆ. ನಮ್ಮಪ್ಪ ಬಸಣ್ಣನವರದು ಪೇಟೆಯಲ್ಲಿ ಗೋವಿನಜೋಳ ಕೊಳ್ಳುವ ಅಂಗಡಿ. ಹಣೆಗೆ ವಿಭೂತಿ ಹಚ್ಚದೆ ಗಾದಿಯ ಮೇಲೆ ಕೂತವರಲ್ಲ. ಮಗಳು ಲಂಗೋಟಿ ಕಟ್ಟುವವರ ನಡುವೆ ಹೋಗುತ್ತಾಳೆಂದು ಅವರು ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ. ಕೊನೆಗೆ ಸೋತವರು ಅವರೇ.

ನೀಲಾ ಮುರ್ಕವಾಡದ ಒಕ್ಕಲುತನದ ಮನೆಯವಳು. ಅವಳ ಅಪ್ಪ ಪ್ರತಿ ಸುಗ್ಗಿಗೂ ನಮ್ಮ ಅಂಗಡಿಗೇ ಮಾಲು ತರುತ್ತಿದ್ದರು. ನಮ್ಮಿಬ್ಬರಿಗೂ ಕುಸ್ತಿ ಕಲಿಸಿದವರು ಇಮಾಮಸಾಬ ವಸ್ತಾದರು. ಹಗಲೆಲ್ಲ ಮೋಟರ್ ಸೈಕಲ್ ರಿಪೇರಿ, ಬೆಳಗ್ಗೆ ಗರಡಿ. ಉಗುರಿನ ಗ್ರೀಸು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಮ್ಮ ಕುತ್ತಿಗೆಯ ಪಟ್ಟು ಸರಿಪಡಿಸಿದ ದಿನ ಮನೆಗೆ ಹೋದ ಮೇಲೂ ಗ್ಯಾರೇಜಿನ ವಾಸನೆ. ಅವರು ನನ್ನನ್ನೂ ನೀಲಾಳನ್ನೂ ಜೋಡಿ ಮಾಡಿದರು. ಎರಡು ವರ್ಷ ಒಬ್ಬರನ್ನೊಬ್ಬರು ಎತ್ತಿ ಒಗೆದೆವು, ಹಗ್ಗ ಹತ್ತಿದೆವು, ಒಬ್ಬಳು ಇನ್ನೊಬ್ಬಳನ್ನು ಹೆಗಲ ಮೇಲೆ ಹೊತ್ತು ದಾಂಡೇಲಿ ರಸ್ತೆಯ ಏರಿನಲ್ಲಿ ಓಡಿದೆವು. ಅವಳ ಉಸಿರು ಬಿಗಿಯಾಗುವುದನ್ನು ಕೇಳಿಯೇ ಯಾವ ಪಟ್ಟು ಬರುತ್ತದೆ ಎಂದು ನನಗೆ ತಿಳಿಯುತ್ತಿತ್ತು. ತಿಳಿದರೂ ತಡೆಯಲು ಆಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಆಗಲಿಲ್ಲ.

ಕಾಲೇಜಿನಿಂದ ಒಂದು ವಿಭಾಗಕ್ಕೆ ಒಬ್ಬಳೇ. ನೀಲಾಳ ಹೆಸರು ಮೇಲೆ, ಅವಳಿಗೆ ಏನಾದರೂ ಆದರೆ ಇರಲಿ ಎಂದು ನನ್ನ ಹೆಸರು ಕೆಳಗೆ.

ಈಗ ಕಾಟಾದ ಮಾತು. ಗರಡಿಯಲ್ಲಿದ್ದ ಸಣ್ಣ ತೂಕದ ಯಂತ್ರ ಎಡಗಾಲು ಒತ್ತಿದರೆ ಒಂದು ತೋರಿಸುತ್ತಿತ್ತು, ಬಲಗಾಲು ಒತ್ತಿದರೆ ಇನ್ನೊಂದು. ವಸ್ತಾದರು ಬೇಸತ್ತು, ಬಸಣ್ಣನ ಅಂಗಡಿಯ ಕಾಟಾದ ಮೇಲೆ ನಿಂತು ನೋಡಿಕೊಳ್ಳಿ ಎಂದರು. ನೆಲದ ಮೇಲೆ ಕಬ್ಬಿಣದ ಹಲಗೆ, ಪಕ್ಕದಲ್ಲಿ ಎದೆಯೆತ್ತರದ ಕಂಬ, ಮೇಲೆ ಅಡ್ಡ ದಂಡಿಗೆ, ಅದರ ತುದಿಗೆ ತೂಕದ ಬಟ್ಟು ಇಡುವ ಸಣ್ಣ ತಟ್ಟೆ — ಚೀಲ ತೂಗುವ ಆ ದೊಡ್ಡ ಕಾಟಾ. ನೀಲಾಳಿಗೆ ಅದರ ಮೇಲೆ ಎಲ್ಲಿಲ್ಲದ ನಂಬಿಕೆ.

"ಇಷ್ಟ ಮಂದಿ ಮಾಲ ತೂಗೂ ಕಾಟಾ," ಅಂದಿದ್ದಳು ಮೊದಲ ದಿನವೇ. "ಅದ್ಯಾಕ ಸುಳ್ಳ ಹೇಳತೈತಿ?"

ಹೇಳುತ್ತಿತ್ತು. ಆ ತಟ್ಟೆಯ ಅಡಿಗೆ, ಮೇಣ ಮೆತ್ತಿ, ಒಂದು ವಾಸರ್ ಅಂಟಿಸಿತ್ತು. ನಟ್ಟಿನ ಕೆಳಗೆ ಹಾಕುತ್ತಾರಲ್ಲ, ಅಂಥ ಕಬ್ಬಿಣದ ಬಿಲ್ಲೆ, ಎಂಟಾಣೆಯಷ್ಟು ಅಗಲ. ತಟ್ಟೆಯ ಒಂದು ಗ್ರಾಂ ಹಲಗೆಯ ನೂರು ಗ್ರಾಂಗೆ ಸಮ; ಅದೊಂದು ಅಲ್ಲಿದ್ದರೆ ಹಲಗೆಯ ಮೇಲೆ ಏನೇ ಇಡಿ, ತೂಕ ಒಂಬೈನೂರು ಗ್ರಾಂ ಕಡಿಮೆ. ವರ್ಷಕ್ಕೊಮ್ಮೆ ಕಾಟಾಕ್ಕೆ ಮುದ್ರೆ ಹೊಡೆಯುವ ಸಾಹೇಬರು ಬರುವ ದಿನ ಅಪ್ಪ ಅದನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಮತ್ತೆ ಅಂಟಿಸುತ್ತಿದ್ದರು. ಆರನೆಯ ಇಯತ್ತೆಯಲ್ಲಿ ಇದ್ದಾಗಲೇ ನಾನು ನೋಡಿದ್ದೆ. ನೋಡಿದ್ದನ್ನು ಅಪ್ಪನೂ ನೋಡಿದ್ದರು. ನಮ್ಮ ಮನೆಯಲ್ಲಿ ಆ ವಿಷಯ ಅಷ್ಟಕ್ಕೇ ಮುಗಿದಿತ್ತು.

ಮೊದಮೊದಲು ನೀಲಾ ಆ ಕಾಟಾದ ಮೇಲೆ ನಿಂತಾಗ ನಾನು ಸುಮ್ಮನಿದ್ದದ್ದು ಅಪ್ಪನ ಮರ್ಯಾದೆಗಾಗಿ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಮರ್ಯಾದೆಯದೇ ಪ್ರಶ್ನೆಯಾಗಿದ್ದರೆ — ಇನ್ನೊಂದು ಕಿಲೋ ಇಳಿಸು, ಯಾವುದಕ್ಕೂ ಇರಲಿ — ಎಂದಿದ್ದರೆ ಸಾಕಾಗುತ್ತಿತ್ತು. ಅಪ್ಪನ ಹೆಸರೂ ಬರುತ್ತಿರಲಿಲ್ಲ, ವಾಸರಿನ ಮಾತೂ ಬರುತ್ತಿರಲಿಲ್ಲ. ಆ ಹಠಮಾರಿ ಕಂಬಳಿ ಹೊದ್ದು ಓಡಿ ಒಂದೇ ಸಂಜೆಯಲ್ಲಿ ಬೆವರಾಗಿ ಇಳಿಸಿಬಿಡುತ್ತಿದ್ದಳು. ಅಷ್ಟು ಸುಲಭದ ಮಾತು. ಅದನ್ನೂ ಹೇಳಲಿಲ್ಲ.

ಇನ್ನೂ ಇದೆ. ಆ ಎಂಟು ದಿನ ನಾನು ನನ್ನ ತೂಕವನ್ನು ಆ ಕಾಟಾದಲ್ಲಿ ನೋಡಲಿಲ್ಲ. ದಾಂಡೇಲಿಯಲ್ಲಿ ನಮ್ಮ ಸೋದರತ್ತೆಯ ಮನೆಗೆ ಹೋಗುವ ನೆವ ಮಾಡಿ, ಬಸ್ ಸ್ಟ್ಯಾಂಡಿನ ಎದುರು ಔಷಧ ಅಂಗಡಿಯ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಐವತ್ನಾಲ್ಕೂವರೆ. ತಡವರಿಸಿ ಬಾಯಿ ಮುಚ್ಚಿಕೊಂಡವಳು ಹೀಗೆ ಬಸ್ ಹತ್ತಿ ಹೋಗಿ ತನ್ನ ತೂಕ ನೋಡಿಕೊಳ್ಳುವುದಿಲ್ಲ. ನಾನು ತಯಾರಿ ಮಾಡಿಕೊಳ್ಳುತ್ತಿದ್ದೆ.

ಸ್ಪರ್ಧೆಯ ಹಿಂದಿನ ದಿನ, ಸಂಜೆ ತನ್ನೂರಿನ ಬಸ್ಸಿಗೆ ಮೊದಲು, ನೀಲಾ ಅಂಗಡಿಗೆ ಬಂದಳು. ಎರಡು ದಿನದಿಂದ ಬರೀ ನಿಂಬೆರಸದ ನೀರು. ತುಟಿ ಒಡೆದಿದ್ದವು, ಕಣ್ಣು ಒಳಗೆ ಹೋಗಿದ್ದವು. ಚಪ್ಪಲಿ ಬಿಟ್ಟು ಹಲಗೆ ಏರಿದಳು. ದಂಡಿಗೆಯ ಮೇಲೆ ಜಾರುವ ತೂಕದ ಗುಂಡನ್ನು ಸರಿಸಿದವಳು ನಾನು. ಸರಿಯಾಗಿ ಐವತ್ತೈದಕ್ಕೆ ನಿಂತಿತು. ಮಲಗಿ ಎದ್ದರೆ ಅರ್ಧ ಕಿಲೋ ತಾನಾಗಿ ಇಳಿಯುತ್ತದೆ ಎಂದು ಕುಸ್ತಿ ಆಡುವವರಿಗೆಲ್ಲ ಗೊತ್ತು. ಹಾಗಾಗಿ ಅವಳು ನನ್ನ ಮುಖ ನೋಡಿ ಕೇಳಿದಳು, ಒಂದು ರೊಟ್ಟಿ ತಿನ್ನಬಹುದೇ ಎಂದು. ನೀನು ಹೂಂ ಅಂದರೆ ಮಾತ್ರ, ಅಂದಳು.

"ಬರಾಬರಿ ಐತಿ," ಅಂದೆ. "ಉಣ್ಣು."

ಒಳಗಿನಿಂದ ನಾನೇ ತಂದುಕೊಟ್ಟೆ — ಒಂದು ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಲೆ. ಚೀಲಗಳ ಮೇಲೆ ಕೂತು, ಚೂರು ಚೂರು ಮುರಿದು, ಎಷ್ಟು ಹೊತ್ತು ತಿಂದಳೆಂದರೆ ಬಸ್ಸು ತಪ್ಪುವುದರಲ್ಲಿತ್ತು. ಹೋಗುವಾಗ ನನ್ನ ಕೆನ್ನೆ ಹಿಂಡಿ ಹೋದಳು. ಆ ಕೆನ್ನೆ... ಬೇಡ ಬಿಡಿ.

ಮರುದಿನ ದಾಂಡೇಲಿಯ ಕಾಲೇಜೊಂದರಲ್ಲಿ ತೂಕ. ಐವತ್ತೈದೂ ಏಳುನೂರು. ಅರ್ಧ ಗಂಟೆ ಸಮಯ ಕೊಟ್ಟರು. ಕಂಬಳಿ ಹೊದ್ದು ಮೈದಾನ ಸುತ್ತಿದಳು, ಉಗುಳಲು ಬಾಯಲ್ಲಿ ನೀರಿಲ್ಲದಿದ್ದರೂ ಉಗುಳಿದಳು. ಇನ್ನೂ ನಾನೂರು ಗ್ರಾಂ ಉಳಿಯಿತು. ಬೆಳಗ್ಗೆ ಅರ್ಧ ಕಿಲೋ ಕಡಿಮೆಯೇ ಬರಬೇಕಿದ್ದ ಹುಡುಗಿಗೆ ಇಷ್ಟು ಹೆಚ್ಚು ಬಂದದ್ದು ಹೇಗೆ? ವಸ್ತಾದರಿಗೆ ಒಂದೇ ಕಾರಣ ಹೊಳೆಯಿತು.

"ಒಂದ ರಾತ್ರಿ ಬಾಯಿ ಕಟ್ಟಾಕ ಆಗಲಿಲ್ಲೇನು, ಬೇಟಿ?" ಅಂದರು.

ಒಂದೇ ರೊಟ್ಟಿ ತಿಂದದ್ದು, ಕಾಟಾದಲ್ಲಿ ಸರಿ ಇತ್ತು, ಗಿರಿಜಾಳನ್ನೇ ಕೇಳಿ ಎಂದಳು ನೀಲಾ. ಇಬ್ಬರೂ ನನ್ನ ಕಡೆ ತಿರುಗಿದರು. ಆಗಲೂ ನಿಜ ಹೇಳಬಹುದಿತ್ತು. ಕನಿಷ್ಠ ಸುಮ್ಮನಾದರೂ ಇರಬಹುದಿತ್ತು.

"ಆಮ್ಯಾಲೆ ಮನ್ಯಾಗ ಏನರೆ ತಿಂದಿರಬೇಕ್ರಿ," ಅಂದೆ.

ಅವಳು ನನ್ನನ್ನು ನೋಡಿದಳು, ಆಮೇಲೆ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ನಾನು ತೂಕಕ್ಕೆ ನಿಂತೆ, ಪಾಸಾದೆ, ಬೂಟಿನ ಲಾಡಿ ಬಿಗಿದೆ. ಮುಂದಿನದು ನಿಮಗೆ ಗೊತ್ತು.

ಬಾಯಿ ಕಟ್ಟಲಾಗದ ಹುಡುಗಿ ಎಂಬ ಹೆಸರು ಅವಳಿಗೆ ಅಂಟಿತು. ಅವಳು ಗರಡಿಗೆ ಬರುವುದು ನಿಂತಿತು, ಆಮೇಲೆ ಕಾಲೇಜಿಗೆ ಬರುವುದೂ. ಮುಂಡಗೋಡದ ಸನವಳ್ಳಿಗೆ ಮದುವೆಯಾಗಿ ಹೋದಳು. ನಾನು ಕ್ರೀಡಾ ಕೋಟಾದಲ್ಲಿ ಓದಿ ಇದೇ ಊರಿನ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ ಆದೆ. ವಸ್ತಾದರು ತೀರಿಕೊಂಡು ನಾಲ್ಕು ವರ್ಷ. ಅವರಿಗೆ ಹೇಳಲಿಲ್ಲ. ನೀಲಾಳ ಮಾತು ಬಂದಾಗಲೆಲ್ಲ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ತಲೆ ಅಲ್ಲಾಡಿಸುತ್ತಿದ್ದ ಆ ಮನುಷ್ಯನಿಗೆ ಹೇಳಲು ನನಗೆ ಹದಿನಾರು ವರ್ಷ ಸಾಲಲಿಲ್ಲ.

ಹೇಳದೆಯೇ ಸಾಯುತ್ತಿದ್ದೆನೋ ಏನೋ. ಕಳೆದ ತಿಂಗಳು ನನ್ನ ಗರಡಿಯಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಹಗ್ಗದಿಂದ ಜಾರಿ ಬಿದ್ದಳು. ಪೂಜಾ — ಸನವಳ್ಳಿಯವಳು, ನೀಲಾಳ ಮಗಳು. ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ತೂಕ ಅವಳ ವಿಭಾಗದ ಮಿತಿಗಿಂತ ಎರಡು ಕಿಲೋ ಕಡಿಮೆಯೇ ಇತ್ತು. ಯಾಕೆ ಹೀಗೆ ಎಂದು ಗದರಿದೆ.

"ಅವ್ವ ಹೇಳ್ಯಾಳ್ರಿ ಮೇಡಂ," ಅಂದಳು. "ತೂಕ ಆಗೂತನಕ ಯಾರ ಕೊಟ್ಟರೂ ಬಾಯಾಗ ಹಾಕಬ್ಯಾಡ ಅಂತ. ಒಂದ ರೊಟ್ಟಿ ಸಂಬಂಧ ಅಕಿ ಎಲ್ಲಾ ಕಳಕೊಂಡಾಳಂತ್ರಿ."

ನಾನು ಬಡಿಸಿದ ರೊಟ್ಟಿ. ಇಪ್ಪತ್ತು ವರ್ಷ ಅವಳು ಅದನ್ನು ತನ್ನ ತಪ್ಪು ಎಂದುಕೊಂಡು ಬದುಕಿದ್ದಾಳೆ. ಸಾಲದ್ದಕ್ಕೆ ಮಗಳ ಹೊಟ್ಟೆಗೂ ಅದನ್ನೇ ಕಟ್ಟಿ ಕಳಿಸಿದ್ದಾಳೆ.

ಆ ದಿನವೇ ಅಂಗಡಿಗೆ ಹೋದೆ. ಈಗ ಅಲ್ಲಿ ಅಣ್ಣನ ಕಾರಭಾರ, ಅಂಕಿ ಹೊಳೆಯುವ ಹೊಸ ಯಂತ್ರ. ಹಳೆಯ ಕಾಟಾ ಗೋದಾಮಿನ ಮೂಲೆಯಲ್ಲಿತ್ತು; ತಟ್ಟೆಯ ಅಡಿ ಕೈಯಾಡಿಸಿದೆ, ವಾಸರ್ ಅಲ್ಲೇ ಇತ್ತು. ಈ ಕಾಟಾ ಒಯ್ಯುತ್ತೇನೆ, ಏಕೆ ಎಂದೂ ಎಲ್ಲರಿಗೂ ಹೇಳುತ್ತೇನೆ ಎಂದೆ. ಅಣ್ಣ ಕಿರುಚಾಡಿದ. ಅಪ್ಪ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಈ ವಯಸ್ಸಿನ್ಯಾಗ ನನ್ನ ಪ್ಯಾಟ್ಯಾಗ ನಿಂದರಸ್ತಿಯೇನು?" ಅಂದರು.

"ಹೌದ್ರಿ ಅಪ್ಪಾ. ನಿಮ್ಮ ಬಾಜೂಕ ನಾನೂ ನಿಂದರತೇನಿ."

ಕಾಟಾ ಗರಡಿಗೆ ಬಂತು; ಅಂದಿನಿಂದ ಆ ಮನೆಯ ಬಾಗಿಲು ನನಗೆ ಮುಚ್ಚಿದೆ. ಮುಚ್ಚಲಿ.

ರವಿವಾರ ನೀಲಾ ಮಗಳನ್ನು ನೋಡಲು ಗರಡಿಗೆ ಬಂದಳು. ಹುಡುಗಿಯರೆಲ್ಲ ಇದ್ದರು, ಅವರ ಎದುರಿಗೇ ಹೇಳಬೇಕೆಂದು ನಾನೇ ನಿಲ್ಲಿಸಿಕೊಂಡಿದ್ದೆ. ಪೂಜಾಳನ್ನು ಗರಡಿಯ ಹೊಸ ಯಂತ್ರದ ಮೇಲೆ ನಿಲ್ಲಿಸಿದೆ, ಆಮೇಲೆ ಹಳೆಯ ಕಾಟಾದ ಮೇಲೆ. ಒಂಬೈನೂರು ಗ್ರಾಂ ಕಡಿಮೆ. ತಟ್ಟೆ ಮಗುಚಿ, ವಾಸರ್ ಕಿತ್ತು, ನೀಲಾಳ ಅಂಗೈಯಲ್ಲಿಟ್ಟೆ. ಇದು ಇಲ್ಲಿತ್ತು, ನನಗೆ ಗೊತ್ತಿತ್ತು, ನಿನ್ನ ಜಾಗ ನನಗೆ ಬೇಕಾಗಿತ್ತು ಎಂದೆ. ಕ್ಷಮೆ ಕೇಳಲಿಲ್ಲ. ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ — ಅವಳಿಂದ ಇನ್ನೂ ಏನು ಕೇಳಲಿ?

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಂದ್ರ ಆ ರೊಟ್ಟಿ ಉಂಡದ್ದಕ್ಕಲ್ಲ?"

"ಅಲ್ಲ. ನೀ ಉಪಾಸ ಇದ್ದಿದ್ರೂ ಹೆಚ್ಚ ಬರ್ತಿತ್ತು."

ಬೈಯುತ್ತಾಳೆ ಎಂದುಕೊಂಡೆ, ಹೊಡೆದರೂ ನಿಲ್ಲಲು ಸಿದ್ಧಳಿದ್ದೆ. ಅವಳು ಕಾಟಾದ ಹಲಗೆಯನ್ನು ಕಾಲಿನಿಂದ ಮೆಲ್ಲಗೆ ಒತ್ತಿದಳು.

"ನಮ್ಮಪ್ಪನ ಚೀಲಾನೂ ಇದರ ಮ್ಯಾಲನ ಇಡ್ತಿದ್ರು," ಅಂದಳು.

ನಾನು ಒಂದು ತಪ್ಪು ಒಪ್ಪಿಕೊಳ್ಳಲು ಎದೆ ಸೆಟೆದು ನಿಂತಿದ್ದೆ. ಇಪ್ಪತ್ತು ವರ್ಷದಲ್ಲಿ ಈ ಇನ್ನೊಂದನ್ನು ನಾನು ನನ್ನದೆಂದು ಒಮ್ಮೆಯೂ ಎಣಿಸಿರಲಿಲ್ಲ.

ಪದಕ ಗರಡಿಯ ಗೋಡೆಯ ಮೇಲೆ ಇದ್ದಲ್ಲೇ ಇದೆ, ಇರುತ್ತದೆ. ಕಾಟಾ ಅದರ ಕೆಳಗೇ ನಿಂತಿದೆ. ಯಾರು ಬಂದು ಕೇಳಿದರೂ ಎರಡರದೂ ಕತೆ ಹೇಳುತ್ತೇನೆ, ಯಾರ ಚೀಲ ತೂಗಿದ ಕಾಟಾ ಎನ್ನುವುದರಿಂದ ಶುರುಮಾಡಿ. ವಾಸರ್ ಮಾತ್ರ ನನ್ನ ಬಳಿ ಇಲ್ಲ. ಅದನ್ನು ನೀಲಾ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಚೀಲದಿಂದ ಡಬ್ಬಿ ತೆಗೆದು, ಬಾಗಿಲ ಮೆಟ್ಟಿಲ ಮೇಲೆ ಕೂತು, ಮಗಳನ್ನು ಕರೆದಳು.

"ಬಾ, ಉಣ್ಣು."