ಚರ್ಚು ನಮ್ಮ ಮನೆಗೆ ಬಂದಿದ್ದಾಗ

ಗಾರ್ಮೆಂಟ್ಸ್ ಬಸ್ಸಿನಿಂದ ಇಳಿಯುತ್ತಿದ್ದಂತೆ ಗಂಡನ ಫೋನ್ ಬಂತು. ನಮ್ಮ ಚರ್ಚಿನ ಹೆಂಚಿನ ಚಾವಣಿ ಕುಸಿದುಬಿದ್ದಿತ್ತು.

ನಂಜನಗೂಡಿನ ಅಂಚಿನಲ್ಲಿರುವ ಸಣ್ಣ ಚರ್ಚು ನಮ್ಮದು. ಓಡಿಹೋಗಿ ನೋಡಿದರೆ ಬೆಂಚುಗಳ ಮೇಲೆಲ್ಲ ಒಡೆದ ಹೆಂಚು, ಮುರಿದ ತೊಲೆ... ಮರ ಮುಟ್ಟಿದರೆ ಪುಡಿಪುಡಿ. ಗೆದ್ದಲು ಒಳಗೊಳಗೇ ತಿಂದುಬಿಟ್ಟಿತ್ತು.

ಆಗ ಒಳಗೆ ಯಾರೂ ಇರಲಿಲ್ಲ, ಅಷ್ಟೇ ಸಮಾಧಾನ.

ರಿಪೇರಿ ಮುಗಿಯುವವರೆಗೂ ಆರಾಧನೆ ಎಲ್ಲಿ ಅಂತ ಪಾದ್ರಿ ಅಯ್ಯನವರು ಕೇಳಿದರು. ನಮ್ಮ ಮನೆ ಪಕ್ಕದ ಬೀದಿಯಲ್ಲೇ ಇದೆ, ಹಾಲ್ ಸ್ವಲ್ಪ ದೊಡ್ಡದು. "ನಮ್ಮನೇಲೇ ಮಾಡಿ ಬುಡಿ ಅಯ್ನೋರೆ" ಅಂದುಬಿಟ್ಟರು ನನ್ನ ಗಂಡ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ವಾರವಿಡೀ ಮೆಷಿನ್ ಮುಂದೆ ಕೂತು ಹೊಲಿಯುವವಳು ನಾನು. ಇದ್ದದ್ದೊಂದು ಭಾನುವಾರ, ಅದೂ ಹೋಯಿತು. ಎದ್ದ ತಕ್ಷಣ ದಿವಾನ ಸರಿಸು, ಚಾಪೆ ಹಾಸು, ಅಷ್ಟೂ ಜನಕ್ಕೆ ಟೀ ಕಾಯಿಸು. ಅವರು ಹೋದಮೇಲೆ ಎಲ್ಲ ತೊಳೆದು ನೆಲ ಒರೆಸು.

ನಡುವೆ ಮಳೆ ಹಿಡಿಯಿತು. ಚಾವಣಿ ಕೆಲಸಕ್ಕೆ ಬಂದಿದ್ದ ತಾಂಡವಪುರದ ಬಡಗಿ ಬೇರೆ ಕೆಲಸ ಒಪ್ಪಿಕೊಂಡು ಹೋದರು. ಒಂದು ತಿಂಗಳು ಅಂದ ರಿಪೇರಿ ಎಳೆದುಕೊಂಡೇ ಹೋಯಿತು...

ಒಳರೂಮಿನಲ್ಲಿ ನಮ್ಮತ್ತೆ ಇದ್ದಾರೆ. ಸೊಂಟದ ಮೂಳೆ ಮುರಿದಾಗಿನಿಂದ ಹಾಸಿಗೆಯಲ್ಲೇ. ಅವರು ಚರ್ಚು ನೋಡಿ ವರ್ಷಗಳೇ ಆಗಿದ್ದವು.

ಈಗ ಭಾನುವಾರ ಬಂದರೆ ತಲೆ ಬಾಚಿಸಿಕೊಂಡು, ರೂಮಿನ ಬಾಗಿಲು ಪೂರ್ತಿ ತೆಗೆಸುತ್ತಿದ್ದರು. ಕೀರ್ತನೆ ಶುರುವಾದರೆ ಮಲಗಿದಲ್ಲಿಂದಲೇ ದನಿಗೂಡಿಸುತ್ತಿದ್ದರು, ಒಂದು ಸಾಲು ಹಿಂದೆ. ಬರುಬರುತ್ತ ಹಾಲ್‌ನಲ್ಲಿ ಕೂತವರೇ ನಿಧಾನವಾಗಿ ಹಾಡತೊಡಗಿದರು.

ಕೊನೆಗೂ ಕಬ್ಬಿಣದ ಆಂಗಲ್ ಮೇಲೆ ಹೊಸ ಶೀಟ್ ಕೂತಿತು. ಮೊದಲ ಭಾನುವಾರ ಅದರ ಕೆಳಗೆ ಕೂತು, ಅಯ್ಯನವರ ಪ್ರಸಂಗದ ನಡುವೆ ನಾನು ನಿದ್ದೆಹೋದೆ.

ಮನೆಗೆ ಬಂದಾಗ ಅತ್ತೆ ಬಾಗಿಲ ಕಡೆಗೇ ನೋಡುತ್ತಿದ್ದರು.

"ಇನ್ ಯಾರೂ ಬರಾಕಿಲ್ವಾ ಮಗಾ?"

"ಚರ್ಚು ಸರಿಯಾಯ್ತಲ್ಲತ್ತೆ..."

"ಊಂ. ಒಳ್ಳೇದಾಯ್ತು ಬುಡು."

ಅಷ್ಟೇ ಹೇಳಿ ಗೋಡೆ ಕಡೆ ಮುಖ ಮಾಡಿದರು. ಚರ್ಚಿಗೆ ಎತ್ತಿಕೊಂಡು ಹೋಗೋಣವೆಂದರೆ, ಮಗ್ಗುಲು ಬದಲಿಸಿದರೂ ನೋವಿಗೆ ಕೂಗುವ ಜೀವ ಅದು.

ಮರುದಿನ ಬಸ್ಸಿನಲ್ಲಿ, ನಮ್ಮ ಚರ್ಚಿನ ಸಭೆಯವರೇ ಆದ ಸುಶೀಲಕ್ಕನನ್ನು ಕೇಳಿದೆ. "ಆರಾಧನೆ ಮುಗಿದ್ಮೇಲೆ ಒಂದ್ ನಾಕ್ ಜನ ಬಂದು ನಮ್ಮತ್ತೆ ತಾವ ಎರಡ್ ಕೀರ್ತನೆ ಹಾಡಿ ಓಗ್ತೀರಾ ಅಕ್ಕ?"

"ಸಾಕಾಗೋಗದೆ ಅಂತಿದ್ದಲ್ಲ ನೀನು?"

"ಊಂ, ಸಾಕಾಗದೆ ಕಣಕ್ಕ. ಆದ್ರೂ ಬನ್ನಿ."

ಇವತ್ತು ಭಾನುವಾರ, ಅರ್ಧ ಸಭೆಯೇ ಬಂದಿತ್ತು. ಈಗಷ್ಟೇ ಹೋದರು. ಅತ್ತೆ ಹಾಡಿ ದಣಿದು ಮಲಗಿದ್ದಾರೆ. ನಾನು ಅವರ ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೈಯಲ್ಲಿ ತ್ರಾಣವೇ ಇಲ್ಲ, ಆದರೂ ಹೊರಡುವವರಿಗೆ "ಮುಂದಿನ ವಾರನೂ ಬನ್ನಿ" ಅಂದುಬಿಟ್ಟೆ... ನೀವಾಗಿದ್ದರೆ ಏನನ್ನುತ್ತಿದ್ದಿರಿ?