ಮುಳ್ಳು ಸಿಕ್ಕಿಕೊಳ್ಳುವ ಜಾಗ

ಕಿನ್ನರ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಹಡಗಿನ ಕೆಲಸದಲ್ಲಿದ್ದಾಗ ತಂದ ಜಾಝ್ ರೆಕಾರ್ಡುಗಳನ್ನು ದಿನಾ ಸಂಜೆ ಹಾಕುತ್ತಿದ್ದರು. ಅವರಿಗೆ ಬಹಳ ಇಷ್ಟದ ಒಂದರ ಮೇಲೆ ಗೀರು ಬಿದ್ದಿತ್ತು. ಆ ಜಾಗ ಬರುವ ಮೊದಲೇ ಬೆರಳೆತ್ತಿ, "ತಡಿ ರೇ, ಈಗ ಸಿಕ್ಕಾಕೊಳ್ತದೆ," ಎನ್ನುತ್ತಿದ್ದರು. ಪ್ಲೇಯರಿನ ಮುಳ್ಳು ಗೀರಿನಲ್ಲಿ ಸಿಕ್ಕಿ ಟ್ರಂಪೆಟ್ಟಿನ ಅದೇ ಚೂರು ಮತ್ತೆ ಮತ್ತೆ ಮೊಳಗಿದಾಗ ಅವರ ಹೆಂಡತಿ ಅಡುಗೆಮನೆಯಿಂದ ಬಂದು, "ನಿಮ್ಮ ಹಡಗು ಮತ್ತೆ ಮರಳಲ್ಲಿ ಹೂತೋಯ್ತಾ?" ಎಂದು ಮುಳ್ಳನ್ನು ಮುಂದೆ ಸರಿಸುತ್ತಿದ್ದರು.

ಆಕೆ ತೀರಿಕೊಂಡ ಮೇಲೆ ನಾನು ಅದೇ ರೆಕಾರ್ಡನ್ನು ಹೊಸದಾಗಿ ತರಿಸಿಕೊಟ್ಟೆ. ಈಗ ಇಂಥ ರೆಕಾರ್ಡುಗಳಿಗೆ ಮತ್ತೆ ಗಿರಾಕಿಗಳಿರುವುದರಿಂದ ಹೊಸದು ಸಿಗುತ್ತದೆ. ಅವರು ಅದನ್ನು ಹಾಕಿದರು. ಆ ಜಾಗ ಬಂದಾಗ ಅವರ ಬೆರಳು ಎದ್ದಿತು, ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಯಿತು. ಹಾಡು ಎಲ್ಲೂ ನಿಲ್ಲದೆ ಮುಂದೆ ಸಾಗಿತು.

"ಚಲೋ ಅದೆ," ಎಂದು ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಆದ್ರೆ ಇದ್ರಲ್ಲಿ ಅವಳು ಬರೂದೇ ಇಲ್ಲ."