ಒಂದೂವರೆ ಅಡಿಯ ಗೋಡೆ

ಇದನ್ನು ನೀವು ನಂಬುವುದಿಲ್ಲ, ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಬೇಜಾರೇನಿಲ್ಲ, ನಮ್ಮ ಮನೆಯವರೇ ನಂಬಿರಲಿಲ್ಲ, ಇನ್ನು ನಿಮ್ಮ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಹಳೆಯ ಗಾರೆಯ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಹಸಿ ಸುಣ್ಣ, ಕರಗಿದ ಬೆಲ್ಲ, ಒದ್ದೆ ಗೋಣಿಚೀಲ, ಎಷ್ಟೋ ವರ್ಷದಿಂದ ತೆರೆಯದ ಟ್ರಂಕು, ಎಲ್ಲ ಸೇರಿದ ವಾಸನೆ. ಹೈದರಾಬಾದಿನಲ್ಲಿ ಈಗ ಯಾವ ಗಲ್ಲಿಗೆ ಹೋದರೂ ಒಂದು ಮುದಿ ಮನೆ ಬೀಳುತ್ತಿರುತ್ತದೆ, ಪೈಪು ಹಿಡಿದ ಒಬ್ಬ ಧೂಳಿಗೆ ನೀರು ಹೊಡೆಯುತ್ತಿರುತ್ತಾನೆ. ಆಟೋದಲ್ಲಿ ಕುಳಿತ ಉಳಿದವರೆಲ್ಲ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ಕತ್ತು ಹೊರಗೆ ಚಾಚುತ್ತೇನೆ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಮತ್ತೆ ಹದಿಮೂರು ವರ್ಷ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ ಇನ್ನೂ ನಿಂತಿದೆ, ಮತ್ತು ಅದನ್ನು ಕೆಡವುವುದು ಹೇಗೆಂದು ನಮ್ಮವರು ಜಗಳವಾಡುತ್ತಿದ್ದಾರೆ.

ಅದು ಅರ್ಧ ಮನೆ. ಬೀದರಿನಿಂದ ರೈಲ್ವೆ ಕೆಲಸಕ್ಕೆ ಬಂದ ಇಬ್ಬರು ಗೆಳೆಯರು ಒಂದು ದೊಡ್ಡ ಮನೆ ಕೊಂಡು ನಡುವೆ ಪಾಲು ಮಾಡಿಕೊಂಡಿದ್ದರು. ಒಂದು ಅರ್ಧ ನಮ್ಮ ಅಜ್ಜನದು, ಇನ್ನೊಂದು, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರ ಗಂಡನದು. ಗಂಡಸರಿಬ್ಬರೂ ಬೇಗ ತೀರಿಕೊಂಡರು. ಅಜ್ಜಿ ಮತ್ತು ಖಾಲಾ ಉಳಿದರು, ಅವರಿಬ್ಬರ ನಡುವೆ ಒಂದು ಗೋಡೆ ಉಳಿಯಿತು. ಇಟ್ಟಿಗೆ ಮತ್ತು ಗಾರೆಯ ಗೋಡೆಗಳು ಎಷ್ಟು ದಪ್ಪವೆಂದರೆ, ಏಪ್ರಿಲ್ ತಿಂಗಳ ಬಿಸಿಲು ಹೊರಗಿನಿಂದ ಒಳಗೆ ಬಂದು ಮುಟ್ಟುವಷ್ಟರಲ್ಲಿ ಮಳೆಗಾಲ ಶುರುವಾಗಿರುತ್ತಿತ್ತು. ಬೆಳಿಗ್ಗೆ ಅಜ್ಜಿ ರೊಟ್ಟಿ ಬಡಿಯುವ ಸದ್ದು ಗೋಡೆಯ ಆಚೆಗೆ ಕೇಳಿ, ಆಚೆಯಿಂದ ಖಾಲಾ ಲಟ್ಟಣಿಗೆಯಿಂದ ಗೋಡೆಗೆ ಕುಟ್ಟುತ್ತಿದ್ದರು. ಎರಡು ಸಲ ಕುಟ್ಟಿದರೆ ಎರಡು ರೊಟ್ಟಿ, ಮೂರು ಸಲ ಕುಟ್ಟಿದರೆ ನೆಂಟರು ಬಂದಿದ್ದಾರೆ. ನಾನು ಆ ರೊಟ್ಟಿ ಹಿಡಿದು ಹೋಗಿ, ಹುಣಸೆಹುಳಿಯ ಖಟ್ಟಿ ದಾಲ್ ತುಂಬಿದ ಬಟ್ಟಲು ಹಿಡಿದು ಬರುತ್ತಿದ್ದೆ. ದಾರಿಯಲ್ಲಿ ಅರ್ಧ ಬಟ್ಟಲು ಕುಡಿದು ತಪ್ಪನ್ನು ಬೆಕ್ಕಿನ ಮೇಲೆ ಹಾಕುತ್ತಿದ್ದೆ. ನಮ್ಮ ಗಲ್ಲಿಯಲ್ಲಿ ಬೆಕ್ಕೇ ಇರಲಿಲ್ಲ.

ಎಂಟನೇ ವಯಸ್ಸಿನಲ್ಲಿ ನನಗೆ ಸೀತಾಳೆ ಸಿಡುಬು ಬಂದು ಇಪ್ಪತ್ತೊಂದು ದಿನ ಅಡಿಗೆಮನೆಯ ಮೂಲೆಯಲ್ಲಿ ಕೂಡಿಹಾಕಿದ್ದರು. ಆ ಮೂಲೆಯಲ್ಲಿ, ಖಾಲಾ ಕಡೆಯ ಗೋಡೆಯಲ್ಲಿ, ಉಪ್ಪಿನಕಾಯಿ ಭರಣಿ ಇಡುವ ಒಂದು ಗೂಡು ಇತ್ತು. ಮಾಡಲು ಬೇರೆ ಕೆಲಸವಿಲ್ಲದೆ ಭರಣಿ ಸರಿಸಿ, ಚಮಚದ ಹಿಡಿಯಿಂದ ಗೂಡಿನ ಹಿಂಬದಿ ಕೆರೆಯತೊಡಗಿದೆ. ಗಾರೆ ಬೇಸನ್ ಲಾಡುವಿನಂತೆ ಉದುರುತ್ತಿತ್ತು. ಆಚೆಯ ಬದಿಯಲ್ಲೂ ಅಂಥದೇ ಗೂಡು ಇದ್ದುದರಿಂದ ನಡುವೆ ಉಳಿದದ್ದು ಒಂದೇ ಇಟ್ಟಿಗೆಯ ದಪ್ಪ. ಹದಿನೇಳನೆಯ ದಿನವೋ ಏನೋ, ಒಂದು ಇಟ್ಟಿಗೆಯ ತುಂಡು ಆಚೆಗೆ ಬಿದ್ದು, ಕತ್ತಲೆಯೊಳಗಿಂದ ಖಾಲಾ ದನಿ ಕೇಳಿತು: "ಯಾರವ್ವಾ? ಇಲಿಯೋ, ನೀನೋ?"

"ಇಲಿ," ಎಂದೆ.

ಅಂದಿನಿಂದ ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಆ ತೂತಿನಿಂದ ಇಲಿಗೆಂದು ಒಂದು ಬಿಸ್ಕೀಟು ಬರುತ್ತಿತ್ತು. ಗೂಡು ಇರುವುದು ಎಲ್ಲರಿಗೂ ಗೊತ್ತಿತ್ತು. ಗೂಡಿಗೆ ಬೆನ್ನಿಲ್ಲವೆಂಬುದು ನನಗೂ ಖಾಲಾಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಅಜ್ಜಿ ತೀರಿಕೊಂಡ ವರ್ಷವೇ ನಮ್ಮವರಿಗೆ ಹೊಸ ಮನೆಯ ಹುಚ್ಚು ಹಿಡಿಯಿತು. ಊರಿಗೆ ಊರೇ ಹಾಗಿತ್ತು ಬಿಡಿ. ಗಚ್ಚಿಬೌಲಿಯಲ್ಲಿ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು, ನಮ್ಮ ಸುಮಾ ಅತ್ತೆ ಅಂಥದ್ದೊಂದರಲ್ಲಿ ಕೆಲಸಕ್ಕೆ ಸೇರಿ ಮನೆಯ ಮುಂದೆ ಕ್ಯಾಬು ನಿಲ್ಲಿಸಿಕೊಳ್ಳುವ ಮನುಷ್ಯಳಾಗಿದ್ದಳು. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲಿ ನಲ್ಲಿಯ ವಾಷರ್ ಬದಲಿಸಲಿಕ್ಕೂ ನಾಲ್ಕು ಸಹಿ ಬೇಕಂತೆ. ಇವರಿಬ್ಬರ ಕೈಗೆ ಒಂದು ಮನೆ ಕೆಡವುವ ಕೆಲಸ ಸಿಕ್ಕರೆ ಏನಾಗಬೇಡ? ಅಪ್ಪ ಇಪ್ಪತ್ತು ಹಾಳೆಯ ಯೋಜನೆ ಬರೆದರು. ಮೊದಲು ಕರೆಂಟು ತೆಗೆಸುವುದು, ಆಮೇಲೆ ನೀರಿನ ಲೈನು. ಸುತ್ತ ತಗಡಿನ ಬೇಲಿ. ಬಿದ್ದ ಮಾಲನ್ನು ಮಹಡಿಯ ಮೇಲೆ ಗುಡ್ಡೆ ಹಾಕದಿರುವುದು. ಒಬ್ಬರ ಕೆಳಗೆ ಇನ್ನೊಬ್ಬರು ಕೆಲಸ ಮಾಡದಿರುವುದು. ಅತ್ತೆ ಅದಕ್ಕೆಲ್ಲ ಬಣ್ಣದ ಪಟ್ಟಿಗಳ ಚಾರ್ಟ್ ಮಾಡಿ, ದಿನಾ ಬೆಳಿಗ್ಗೆ ಎಲ್ಲರೂ ಬೇವಿನ ಮರದ ಕೆಳಗೆ ನಿಂತೇ ಮೀಟಿಂಗ್ ಮಾಡಬೇಕು, ಕೂಡಬಾರದು ಎಂದು ಕಾನೂನು ತಂದಳು. ರಾಯಚೂರ ಕಡೆಯ ಹಣಮಂತಪ್ಪ ಮೇಸ್ತ್ರಿ, ನಲವತ್ತು ವರ್ಷದಿಂದ ಮನೆ ಕೆಡವಿದ ಮನುಷ್ಯ, ಮೊದಲ ದಿನವೇ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿದ.

"ಕಟ್ಟೂದು ಕೆಳಗಿಂದ, ಕೆಡವೂದು ಮ್ಯಾಲಿಂದ. ಇಷ್ಟಕ್ಕ ಇಪ್ಪತ್ತ ಹಾಳಿ ಯಾಕ್ರಿ ಸಾಹೇಬ್ರ?"

"ಮೇಸ್ತ್ರಿ, ನಿಂತ ಮಾತಾಡ್ರಿ," ಎಂದಳು ಅತ್ತೆ.

"ನಿಂತರ ನನಗ ತಲಿ ಓಡಂಗಿಲ್ಲವ್ವ."

ಇಡೀ ಯೋಜನೆ ಒಂದು ಅಳತೆಯ ಮೇಲೆ ನಿಂತಿತ್ತು. ಖಾಲಾ ಮತ್ತು ನಮ್ಮ ನಡುವಿನ ಗೋಡೆಯನ್ನು ಮುಟ್ಟುವಂತಿಲ್ಲ. ನಮ್ಮದನ್ನೆಲ್ಲ ಅದರಿಂದ ಬಿಡಿಸಿ ತೆಗೆಯಬೇಕು, ಅದು ಖಾಲಾ ಮನೆಯನ್ನು ಹೊತ್ತುಕೊಂಡು ನಿಲ್ಲಬೇಕು. ಅಪ್ಪ ಬಾಗಿಲಿನ ಹತ್ತಿರ ಟೇಪು ಹಿಡಿದು ಅಳೆದು, ಒಂದೂವರೆ ಅಡಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ಅಡಿಗೆಮನೆಯ ಕಮಾನು ಇಳಿಸುವ ದಿನ ಮಾತ್ರ, ಎಚ್ಚರಿಕೆಗಾಗಿ, ಖಾಲಾ ಮನೆ ಬಿಟ್ಟು ಹೊರಗಿರಬೇಕು. ಅಷ್ಟೇ ಕೆಲಸ. ಗೋಡೆಯ ಆಚೆಗೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮಪ್ಪ ಕಾರ್ಖಾನೆಯ ಮನುಷ್ಯ ನೋಡಿ. ಇಂಗ್ಲಿಷಿನಲ್ಲಿ ಟೈಪು ಮಾಡಿದ ನೋಟೀಸು ಕಳಿಸಿದರು. ಅದನ್ನು ಒಯ್ದ ಅತ್ತೆ, ತಲುಪಿತೆಂದು ಖಾಲಾ ಕೈಯಲ್ಲಿ ಸಹಿ ಹಾಕಿಸಿಕೊಂಡು, ಚಹಾ ಕುಡಿಯದೆ ಕ್ಯಾಬು ಹತ್ತಿದಳು. ನಮ್ಮ ಗಲ್ಲಿಯಲ್ಲಿ ಒಂದು ಏಣಿ ಕೇಳಬೇಕಾದರೂ ಮೊದಲು ಕೂತು, ಚಹಾ ಕುಡಿದು, ಮಂಡಿನೋವು ವಿಚಾರಿಸಿ, ಎದ್ದು ಹೊರಡುವಾಗ ಈಗ ನೆನಪಾಯಿತೆಂಬಂತೆ ಕೇಳುವ ಪದ್ಧತಿ. ಖಾಲಾ ಆ ಕಾಗದವನ್ನು ಮಡಿಚಿ ಮಂಚದ ಕಾಲಿನ ಕೆಳಗೆ ಇಟ್ಟರು. ಆ ಮಂಚ ಮೊದಲಿನಿಂದಲೂ ಅಲುಗಾಡುತ್ತಿತ್ತು.

ಕೆಲಸ ಮೇಲಿನಿಂದ ಇಳಿಯತೊಡಗಿತು. ಹೆಂಚು ಹೋಯಿತು, ತೊಲೆ ಹೋದವು, ಅಡಿಗೆಮನೆಗೆ ಹುಟ್ಟಿದಾರಭ್ಯ ಮೊದಲ ಸಲ ಬಿಸಿಲು ಬಿತ್ತು. ಒಲೆಯ ಹಿಂದಿನ ಮಸಿ, ಅಜ್ಜಿ ಕೈ ಊರಿ ಏಳುತ್ತಿದ್ದ ಜಾಗದ ಎಣ್ಣೆ ಕಲೆ, ನನ್ನ ಎತ್ತರ ಗುರುತು ಮಾಡಿದ ಗೆರೆಗಳು, ಎಲ್ಲ ಬೀದಿಯವರ ಕಣ್ಣಿಗೆ ಬಿದ್ದು ನನಗೆ ಮನೆಯನ್ನೇ ಬರಿಮೈಯಲ್ಲಿ ನಿಲ್ಲಿಸಿದಂತೆ ನಾಚಿಕೆಯಾಗಿತ್ತು. ಅಪ್ಪ ಮಾತ್ರ ಉಪ್ಪಿನಕಾಯಿ ಗೂಡಿಗೆ, ಒಳಗೆ ಇಣುಕಿಯೂ ನೋಡದೆ, ಒಂದು ಹಲಗೆ ಹೊಡೆದು, ಅದರ ಮೇಲೆ ತಮ್ಮ ಸುರಕ್ಷತೆಯ ನಿಯಮಗಳನ್ನು ಅಂಟಿಸಿದರು. ಗೋಡೆಯಲ್ಲಿ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿರಲಿಲ್ಲ.

ಕಮಾನಿನ ಹಿಂದಿನ ದಿನ ಮೇಸ್ತ್ರಿ ಬೇವಿನ ಕೆಳಗೆ ನನ್ನನ್ನೂ ಅತ್ತೆಯನ್ನೂ ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ಕೊಟ್ಟು ಒರಗಿಸಿ, "ಇದ ನೋಡ್ರಿ ಕಮಾನು," ಎಂದ. "ತಲಿ ಮ್ಯಾಲೆ ಭಾರ ಇರೂತನಕ ಎರಡೂ ಕಡಿ ಗೋಡಿ ಗಟ್ಟಿ ನಿಂತಿರ್ತಾವು. ಭಾರ ತಗದ್ವಿ ಅಂದ್ರ ಕಮಾನು ಕಾಲು ಚಾಚತೈತಿ. ಈಗ ಅದರ ಒಂದ ಕಾಲು ಆ ಮುದುಕಿ ಗೋಡಿ ಮ್ಯಾಲೆ ಐತಿ. ಒಂದೂವರಿ ಅಡಿ ಐತಿ ಅಂತ ಸಾಹೇಬ್ರು ಹೇಳ್ಯಾರ, ಅದಕ್ಕ ನನಗ ಅಂಜಿಕಿ ಇಲ್ಲ." ನಾನು ಕೈ ಬಿಟ್ಟೆ. ಅತ್ತೆ ಮುಗ್ಗರಿಸಿದಳು. ಕಮಾನಿನ ಆ ಕಾಲು ಇದ್ದದ್ದು ಗೂಡಿನ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ.

ಅಪ್ಪನ ಹತ್ತಿರ ಓಡಿ ಹೋಗಿ ಎಲ್ಲ ಹೇಳಿದೆ. ಚಮಚ, ಸಿಡುಬು, ಇಲಿ, ಬಿಸ್ಕೀಟು. ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಹೋದ ವಾರ ಏನ್ ಹೇಳಿದ್ದಿ? ಬಚ್ಚಲ ಕೆಳಗ ನವಾಬರ ಹೊನ್ನಿನ ಕೊಡ ಐತಿ ಅಂತ. ಆಳುಗಳು ಅರ್ಧ ದಿನ ಅಗದ್ರು. ಏನ್ ಸಿಕ್ತು?"

"ಹಲ್ಲುಜ್ಜೂ ಬ್ರಶ್."

"ಅದರ ಹಿಂದಿನ ವಾರ?"

"ಅಪ್ಪಾ, ಇದು ಖರೇನ."

"ಚಮಚದಾಗ ಒಂದೂವರಿ ಅಡಿ ಗೋಡಿ ಕೆರದಳಂತ! ವಿದ್ಯಾ, ನನಗ ಕೆಲಸ ಐತಿ."

ಇಷ್ಟು ವರ್ಷ ಸುಳ್ಳನ್ನು ಎಷ್ಟು ಚೆಂದ ಮಾಡಿ ಹೇಳಿದ್ದೆ, ಎಲ್ಲರೂ ಬಾಯಿ ಬಿಟ್ಟು ಕೇಳಿದ್ದರು. ಒಂದೇ ಒಂದು ನಿಜ, ಅದೂ ಉಪ್ಪು ಖಾರ ಹಚ್ಚದ ನಿಜ, ಯಾರಿಗೂ ಬೇಡವಾಯಿತು. ಗೂಡಿನ ಹಲಗೆ ಕಿತ್ತು ತೋರಿಸೋಣವೆಂದರೆ ಅಡಿಗೆಮನೆಗೆ ಕೆಂಪು ಪಟ್ಟಿ ಕಟ್ಟಿ, ಮಕ್ಕಳಿಗೆ ಪ್ರವೇಶವಿಲ್ಲ ಎಂದು ಅಪ್ಪನೇ ಕಾವಲು ನಿಂತಿದ್ದರು. ಮರುದಿನ ಬೆಳಿಗ್ಗೆ ಕಮಾನಿನ ಕೆಳಗೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸಿದರು. ಆಳುಗಳು ಚಹಾ ಕುಡಿದು ಬಂದ ಮೇಲೆ ಮೊದಲ ಪೆಟ್ಟು. ಖಾಲಾ ಇನ್ನೂ ಮನೆಯೊಳಗೇ ಇದ್ದರು. ಅಪ್ಪ "ನೋಟೀಸು ಮುಟ್ಟೈತಿ, ಸಹಿ ಐತಿ," ಎನ್ನುತ್ತಿದ್ದರು. ಅತ್ತೆ ಚಾರ್ಟಿನಲ್ಲಿ ಖಾಲಾ ಹೆಸರಿನ ಮುಂದಿನ ಬಣ್ಣ ಹಸಿರೋ ಕೆಂಪೋ ಎಂದು ಯೋಚಿಸುತ್ತಿದ್ದಳು. ಹೀಗೆ ಒಂದು ಮುದುಕಿ, ಒಂದು ಗೋಡೆ, ಇಬ್ಬರು ಓದಿದವರು. ಮೇಸ್ತ್ರಿ ನನ್ನ ಕಿವಿಯ ಹತ್ತಿರ ಬಗ್ಗಿ, "ನೀ ಹೋಗವ್ವ. ನೀ ಹೇಳಿದ್ರ ಕೇಳತಾಳ," ಎಂದ.

ಖಾಲಾ ಮನೆ ಯಾವಾಗಲೂ ಅರ್ಧ ಕತ್ತಲೆ. ಅತ್ತರು, ಬೆಂದ ಅನ್ನ ಮತ್ತು ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಅವರು ಮಂಚದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕುಳಿತಿದ್ದರು. ಎದ್ದೇಳಿ, ಗೋಡೆ ಟೊಳ್ಳು, ನಾನೇ ಕೆರೆದಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಖಾಲಾ ನಕ್ಕು, ತಮ್ಮ ಕಡೆಯ ಗೂಡಿನ ಪರದೆ ಸರಿಸಿದರು. ಬಿಸ್ಕೀಟು ಹೋಗುವಷ್ಟಿದ್ದ ತೂತು ಈಗ ಒಂದು ಸೂಟ್‌ಕೇಸು ಹೋಗುವಷ್ಟಿತ್ತು. ಸರಿ, ಸೂಟ್‌ಕೇಸು ಹೆಚ್ಚಾಯಿತು. ಒಂದು ತಲೆ ಹೋಗುವಷ್ಟಂತೂ ಇತ್ತು.

"ಬಟ್ಟಲಾ ಹಿಡೀವಲ್ದು ಅಂತ ನಾನೂ ಕೆರದೀನಿ ಬೇಟಿ. ಆ ಕಡಿಂದ ನಿಮ್ಮಜ್ಜಿ ಕೆರದಾಳ."

"ಅಜ್ಜಿ?"

"ಕಾಲು ಹೋದಮ್ಯಾಲೆ ಈ ಕಡಿ ಬರಲಿಕ್ಕ ಆಗ್ತಿದ್ದಿಲ್ಲಲ್ಲ ಆಕಿಗೆ. ನೀ ಸಾಲಿಗೆ ಹೋದಕೂಡ್ಲೇ ಭರಣಿ ಸರಿಸಿ ಕೂಡ್ತಿದ್ಳು. ನಾ ಇಲ್ಲಿ, ಆಕಿ ಅಲ್ಲಿ. ಕಡೀ ದಿನಾನೂ ಮಾತಾಡಿದ್ವಿ. ಇಲಿಗೆ ಗೊತ್ತಾಗಬಾರ್ದು ಅಂತಿದ್ಳು."

ನಾನು ಶಾಲೆಯಲ್ಲಿ ನವಾಬರ ಸುರಂಗದ ಕಥೆ ಕಟ್ಟುತ್ತಿದ್ದ ಹೊತ್ತಿನಲ್ಲಿ ನಮ್ಮ ಮನೆಯ ಗೋಡೆಯೊಳಗೆ ಎರಡು ಮುದಿ ದನಿಗಳು ಹೋಗಿ ಬರುತ್ತಿದ್ದವು. ಇಂದು ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ಖಾಲಾ ತಮ್ಮ ಪಾಲು ಮಾರಿ ಮಗಳ ಜೊತೆ ಶಂಶಾಬಾದಿನಲ್ಲಿ ಸ್ವಲ್ಪ ದಿನ ಇದ್ದು, ಅಲ್ಲಿಯೇ ತೀರಿಕೊಂಡರು. ನಮ್ಮ ಈಗಿನ ಫ್ಲ್ಯಾಟಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದವರು ಸೀನಿದರೆ ನಮಗೆ ನೆಗಡಿಯಾಗುತ್ತದೆ. ಆದರೂ ಪಕ್ಕದಲ್ಲಿ ಯಾರಿದ್ದಾರೆಂದು ನನಗೆ ಗೊತ್ತಿಲ್ಲ.

"ಹಂಗಾರ ಏಳ್ರಿ ಖಾಲಾ, ಗೋಡಿ ಬೀಳತೈತಿ!" ಎಂದು ಆ ಬೆಳಿಗ್ಗೆ ಕೂಗಿದೆ.

"ಏಳಂಗಿಲ್ಲ. ನಿಮ್ಮಪ್ಪ ನನಗ ಕಾಗದ ಕಳಿಸ್ತಾನ? ಅಂವಗ ಹಲ್ಲು ಬರಾಕತ್ತಾಗ ನನ್ನ ಬೆರಳ ಕಡದಾನ! ನನ್ನ ಕೈಯಾಗ ಸಹಿ ಹಾಕಸ್ಕೋತಾನ?" ಖಾಲಾ ದನಿ ಏರಿತು. "ದೊಡ್ಡ ಇಂಜಿನಿಯರ್! ಹತ್ತ ಹೆಜ್ಜಿ ನಡದ ಬರಲಿಕ್ಕ ಕಾಲಿಲ್ಲ, ಕಾಗದಕ್ಕ ಕಾಲ ಹಚ್ಚಿ ಕಳಿಸ್ಯಾನ! ತಲಿಗೆ ಹೆಲ್ಮೆಟ್ ಟೋಪಿ ಹಾಕ್ಕೊಂಡ ನಿಂತರ ಶಾಣ್ಯಾ ಆಗಂಗಿಲ್ಲಂತ ಹೇಳಂವಗ!"

ಗೋಡೆಯ ಆಚೆ ಏನೋ ಸದ್ದಾಯಿತು. ಕೊನೆಯ ತಪಾಸಣೆಗೆಂದು ಅಪ್ಪ ಅದೇ ಹೊತ್ತಿಗೆ ನಮ್ಮ ಅಡಿಗೆಮನೆಯಲ್ಲಿ ನಿಂತಿದ್ದರಂತೆ. ಅವರದೇ ಸುರಕ್ಷತೆಯ ನಿಯಮಗಳ ಹಾಳೆ ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿತ್ತು, ಒಂದಕ್ಷರ ತಪ್ಪದೆ, ಒಂದೂವರೆ ಅಡಿಯ ಗೋಡೆಯೊಳಗಿಂದ. ಆಮೇಲೆ ಹಲಗೆಯ ಮೊಳೆಗಳು ಕಿರ್ರೆಂದವು, ಹಲಗೆ ಸರಿಯಿತು, ನಮ್ಮ ಸೂರಿಲ್ಲದ ಅಡಿಗೆಮನೆಯ ಬಿಸಿಲು ಗೂಡಿನಿಂದ ದಾಟಿ ಬಂದು ಖಾಲಾ ಮಡಿಲಿನ ಅಕ್ಕಿಯ ಮೇಲೆ ಬಿತ್ತು. ಆ ಕೋಣೆಯಲ್ಲಿ ನಾನು ಅಷ್ಟು ಬೆಳಕು ಎಂದೂ ನೋಡಿರಲಿಲ್ಲ.

"ಮೇಸ್ತ್ರಿ, ಯಾರೂ ಮ್ಯಾಲೆ ಹತ್ತಬ್ಯಾಡ್ರಿ!" ಎಂಬ ಕೂಗು ಕೇಳಿತು, ಓಡುವ ಚಪ್ಪಲಿಯ ಸದ್ದು ಕೇಳಿತು, ಅಪ್ಪ ಒಳಗೆ ಬಂದರು.

ಕೆನ್ನೆಗೆ ಏಟು ಬೀಳುತ್ತದೆಂದು ಗೋಡೆಗೆ ಅಂಟಿಕೊಂಡೆ; ಯಾವ ಗೋಡೆಗೆಂದು ಆಮೇಲೆ ನೆನಪಾಗಿ ಈಚೆ ಬಂದೆ. ಅಪ್ಪ ನನ್ನನ್ನು ನೋಡಲೇ ಇಲ್ಲ. ಹೆಲ್ಮೆಟ್ ತೆಗೆದು ನೆಲದ ಮೇಲಿಟ್ಟು, ಮಂಚದ ಪಕ್ಕದಲ್ಲಿ ಕೆಳಗೇ ಕುಳಿತರು.

"ಖಾಲಾ, ನನ್ನ ತಪ್ಪಾತು. ನಾನ ಬರಬೇಕಿತ್ತು. ನಾಕ ದಿನ ನಮ್ಮ ಜೋಡಿ ಬಾಡಿಗಿ ಮನ್ಯಾಗ ಇರ್ರಿ. ಬರ್ರಿ."

ಖಾಲಾ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಕೈ ನೀಡಿದರು, ಅಪ್ಪ ಹಿಡಿದು ಎಬ್ಬಿಸಿದರು. ಗೂಡಿನ ಆಚೆಯಿಂದ ಮೇಸ್ತ್ರಿಯ ಮುಖ ಇಣುಕಿತು. ಅಪ್ಪ ಅವನಿಗೆ ಹೇಳಿದರು: "ಮೊದ್ಲ ಇದನ್ನ ಕಟ್ಟಿ ಮುಚ್ರಿ. ಅದು ಗಟ್ಟಿ ಆದಮ್ಯಾಲೆ ಕಮಾನು ಕೆಡವ್ರಿ."

ಅವರು ಖಾಲಾ ಕೈ ಹಿಡಿದು ಹೊರಗೆ ನಡೆದರು, ನಾನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ಸಾಲಿನ ಇಟ್ಟಿಗೆಗೆ ಬೆಳಕು ಮಂಚ ಬಿಟ್ಟು ನೆಲಕ್ಕೆ ಇಳಿಯಿತು, ಎರಡನೆಯದಕ್ಕೆ ಎದುರಿನ ಗೋಡೆ ಹತ್ತಿತು. ಮೂರನೆಯದನ್ನು ಇಡುವ ಮೊದಲು ಮೇಸ್ತ್ರಿ ಸ್ವಲ್ಪ ತಡೆದ. ಖಾಲಾ ಹೊರಗೆ ಹೋಗಿ ಆಯಿತೇ ಎಂದು ಕೇಳಿದ. ಆಯಿತು ಎಂದೆ.